ಬೂಸ್ಟರ್ ಬೇಕಾ, ಬಂದು ಹೋಗಿದ್ದೇ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುವವರ ನಡುವೆ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ಕೋವಿಡ್ ಲಸಿಕೆಯ ಬಗ್ಗೆ ಇಂದಿಗೂ ಕೇಳಿಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಮೊದಲು ಬುಡದ ಪ್ರಶ್ನೆಗಳು, ಹೋಗ್ತಾ ಹೋಗ್ತಾ ಆಳದವು. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಅರ್ಥವಾಗುತ್ತದೆ.

## ಬುಡದ ಪ್ರಶ್ನೆಗಳು

ನನಗೆ ಕೋವಿಡ್ ಬಂದು ಹೋಗಿದೆ. ಅದೂ ಲಸಿಕೆ ಹಾಕಿಸ್ಕೊಂಡ ಹಾಗೇ ಅಲ್ವಾ?

ಬಹುಮಟ್ಟಿಗೆ ಹೌದು. ವೈರಸ್ಸು ಮೈಗೆ ಹೊಕ್ಕಾಗ ದೇಹ ಅದರ ಗುರುತು ಹಿಡಿದುಕೊಳ್ಳುತ್ತದೆ. ಲಸಿಕೆ ಮಾಡಿಸುವುದೂ ಅದನ್ನೇ, ಕಾಯಿಲೆ ಬರಿಸದೆ. ಸೋಂಕಿನಿಂದ ಬಂದ ಶಕ್ತಿ ಲೆಕ್ಕಕ್ಕೇ ಇಲ್ಲ ಎಂದವರು ತಪ್ಪು ಹೇಳಿದರು. ಒಮ್ಮೆ ಬಂದರೆ ಜನ್ಮಕ್ಕೆ ಸಾಕು ಎಂದವರೂ ಅಷ್ಟೇ ತಪ್ಪು ಹೇಳಿದರು. ವ್ಯತ್ಯಾಸ ಇರುವುದು ಮೂರು ಕಡೆ: ಆ ಶಕ್ತಿ ಗಳಿಸಲು ಮೈ ತೆತ್ತ ಬೆಲೆ, ಸೋಂಕು ಬಂದು ಎಷ್ಟು ದಿನವಾಯಿತು ಎಂಬುದು, ಮತ್ತು ನಿಮ್ಮ ವಯಸ್ಸು. ಮುಂದಿನ ಉತ್ತರಗಳೆಲ್ಲ ಈ ಮೂರರ ಸುತ್ತಲೇ ತಿರುಗುತ್ತವೆ.

ಬೂಸ್ಟರ್ ಬೇರೆ, ಮುನ್ನೆಚ್ಚರಿಕೆ ಡೋಸ್ ಬೇರೇನಾ?

ಒಂದೇ. ಎರಡು ಡೋಸಾದ ಮೇಲೆ ಹಾಕುವ ಇನ್ನೊಂದು ಡೋಸಿಗೆ ಸರ್ಕಾರ ಇಟ್ಟ ಹೆಸರು ಮುನ್ನೆಚ್ಚರಿಕೆ ಡೋಸ್, ಜನರ ಬಾಯಲ್ಲಿ ಉಳಿದದ್ದು ಬೂಸ್ಟರ್. 2022ರ ಜನವರಿ 10ರಂದು ಆರೋಗ್ಯ ಸಿಬ್ಬಂದಿ, ಮುಂಚೂಣಿ ಕಾರ್ಯಕರ್ತರು ಮತ್ತು ಬೇರೆ ಕಾಯಿಲೆಗಳಿದ್ದ 60 ದಾಟಿದವರಿಗೆ ಶುರುವಾಯಿತು. ಏಪ್ರಿಲ್ 10ರಿಂದ 18 ದಾಟಿದ ಎಲ್ಲರೂ ಖಾಸಗಿ ಕೇಂದ್ರಗಳಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಾಯಿತು. ಜುಲೈ 15ರಿಂದ 75 ದಿನ ಅವರಿಗೂ ಪುಕ್ಕಟೆ. ಎರಡನೇ ಡೋಸಿನಿಂದ ಬೂಸ್ಟರ್‌ಗೆ ಮೊದಲು 9 ತಿಂಗಳ ಅಂತರವಿತ್ತು, ಆ ಜುಲೈನಲ್ಲಿ ಅದನ್ನು 6 ತಿಂಗಳಿಗೆ ಇಳಿಸಿದರು.

ನಮ್ಮಜ್ಜಿ ಕಾಲದಲ್ಲಿ ದೇವಿ ಒಂದ್ಸಲ ಹಾಕಿಸ್ಕೊಂಡ್ರೆ ಮುಗೀತಿತ್ತು. ಇದ್ಯಾಕೆ ಮೂರು ನಾಲ್ಕು?

ಮೊದಲನೆಯದಾಗಿ, ಅಜ್ಜಿ ಕಾಲದಲ್ಲೂ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಊರಲ್ಲಿ ಸಿಡುಬು ಕಾಣಿಸಿಕೊಂಡಾಗ ಹಳೆಯ ಕಲೆ ಇದ್ದ ತೋಳಿಗೂ ಮತ್ತೆ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕುತ್ತಿದ್ದರು.

ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಸಿಡುಬು, ದಡಾರ ಇವು ಮೈ ಹೊಕ್ಕ ಮೇಲೆ ಲಕ್ಷಣ ತೋರಿಸಲು ಹತ್ತು-ಹನ್ನೆರಡು ದಿನ ತೆಗೆದುಕೊಳ್ಳುತ್ತವೆ. ರೋಗಾಣುವಿನ ಗುರುತು ಉಳಿಸಿಕೊಂಡ ನೆನಪಿನ ಕೋಶಗಳು ಎದ್ದು ಹೊಸ ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ತಯಾರಿಸಲು ನಾಲ್ಕೈದು ದಿನ ಸಾಕು. ಹಾಗಾಗಿ ಕಾಯಿಲೆ ಕಣ್ಣು ಬಿಡುವ ಮೊದಲೇ ಅದರ ಕಥೆ ಮುಗಿದಿರುತ್ತದೆ. ಕೋವಿಡ್ ಹಾಗಲ್ಲ. ಒಮಿಕ್ರಾನ್ ತಳಿಗಳು ಮೂರೇ ದಿನಕ್ಕೆ ಗಂಟಲು ಕೆರೆಸುತ್ತವೆ. ನೆನಪಿನ ಕೋಶಗಳು ನಿದ್ದೆಯಿಂದ ಏಳುವಷ್ಟರಲ್ಲಿ ನೆಗಡಿ ಬಂದಾಗಿರುತ್ತದೆ, ಶ್ವಾಸಕೋಶಕ್ಕೆ ಇಳಿಯುವಷ್ಟರಲ್ಲಿ ಅವು ಎದ್ದಿರುತ್ತವೆ. ನೆಗಡಿ ತಡೆಯಬೇಕಾದರೆ ರಕ್ತದಲ್ಲಿ, ಮೂಗಿನಲ್ಲಿ ಪ್ರತಿಕಾಯ ಮೊದಲೇ ತುಂಬಿರಬೇಕು. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತದೆ. ಮೂಳೆಮಜ್ಜೆಯಲ್ಲಿ ನೆಲೆಯೂರಿದ ಕೋಶಗಳು ಹೊಸದನ್ನು ಸುರಿಸುತ್ತಲೇ ಇದ್ದರೂ ಮೊದಲಿನ ಎತ್ತರ ನಿಲ್ಲುವುದಿಲ್ಲ. ಬೂಸ್ಟರ್ ಆ ಮಟ್ಟವನ್ನು ಕೆಲವು ತಿಂಗಳ ಮಟ್ಟಿಗೆ ಮತ್ತೆ ಏರಿಸುತ್ತದೆ. ಜೊತೆಗೆ ದಡಾರದ ವೈರಸ್ಸು ದಶಕಗಳಿಂದ ಹೆಚ್ಚುಕಡಿಮೆ ಒಂದೇ ಮುಖ ಹೊತ್ತಿದೆ, ಕೋವಿಡ್ ಆಗಾಗ ವೇಷ ಬದಲಿಸುತ್ತದೆ.

ಮೂರು ಡೋಸ್ ಹಾಕಿಸ್ಕೊಂಡ್ಮೇಲೂ ಬಂತು. ಲಸಿಕೆ ದಂಡ ತಾನೇ?

ಯಾವುದನ್ನು ತಡೆಯಲೆಂದು ಹಾಕಿಸಿಕೊಂಡಿರಿ ಎಂಬುದರ ಮೇಲೆ ಉತ್ತರ ನಿಂತಿದೆ. ನೆಗಡಿ-ಜ್ವರ ತಡೆಯಲು ಎಂದಾದರೆ ಒಮಿಕ್ರಾನ್ ಬಂದ ಮೇಲೆ ಆ ಲಾಭ ಕೆಲವೇ ತಿಂಗಳಿನದು. ಆಕ್ಸಿಜನ್ ಹಾಸಿಗೆ ತಪ್ಪಿಸಲು ಎಂದಾದರೆ ಲಾಭ ಬಹಳ ಕಾಲ ನಿಂತಿತು. ಶುರುವಿನಲ್ಲಿ ಅಧಿಕಾರಿಗಳು, ಕೆಲವು ವೈದ್ಯರೂ ಸೇರಿ, ‘ಹಾಕಿಸಿಕೊಂಡರೆ ಬರುವುದೇ ಇಲ್ಲ’ ಎಂಬಂತೆ ಮಾತಾಡಿದ್ದು ದೊಡ್ಡ ತಪ್ಪು. ಇಂದಿನ ಅಪನಂಬಿಕೆಯಲ್ಲಿ ಅರ್ಧ ಪಾಲು ಆ ಮಾತಿನದು.

ಐಸಿಯುನಲ್ಲಿ ಇದ್ದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಲಸಿಕೆ ಹಾಕಿಸ್ಕೊಂಡೋರೇ ಅಂತೆ!

ನಿಜ ಇರಬಹುದು, ಆದರೂ ಲಸಿಕೆ ಕೆಲಸ ಮಾಡುತ್ತಿರಬಹುದು. ಕಾಗದ-ಪೆನ್ನು ತೆಗೆದುಕೊಳ್ಳಿ. ಲೆಕ್ಕಕ್ಕಾಗಿ ಒಂದು ಬಡಾವಣೆಯಲ್ಲಿ 1,000 ಹಿರಿಯರಿದ್ದಾರೆ ಎನ್ನೋಣ. 900 ಜನ ಹಾಕಿಸಿಕೊಂಡಿದ್ದಾರೆ, 100 ಜನ ಇಲ್ಲ. ಹಾಕಿಸಿಕೊಂಡವರಲ್ಲಿ ನೂರಕ್ಕೆ 1, ಇಲ್ಲದವರಲ್ಲಿ ನೂರಕ್ಕೆ 5 ಐಸಿಯು ಸೇರುತ್ತಾರೆ. ಅಂದರೆ 9 ಮಂದಿ ಮತ್ತು 5 ಮಂದಿ. ವಾರ್ಡಿಗೆ ಹೋಗಿ ನೋಡಿದರೆ 14ರಲ್ಲಿ 9 ಮಂದಿ ಲಸಿಕೆಯವರೇ! ಆದರೆ ಅಪಾಯ ಐದು ಪಟ್ಟು ಕಡಿಮೆಯಾಗಿದೆ. ವಾರ್ಡಿನ ತಲೆ ಎಣಿಸಿದರೆ ಸಾಲದು, ಹೊರಗೆ ಉಳಿದವರೆಷ್ಟು ಎಂಬುದೂ ಗೊತ್ತಿರಬೇಕು.

## ‘ಸಹಜ ಶಕ್ತಿ’ಯ ಜಗಳ

ಸೋಂಕಿನಿಂದ ಬಂದ ಶಕ್ತಿ ಲಸಿಕೆಗಿಂತ ಗಟ್ಟಿ ಅಂತಾರೆ. ಹೌದಾ?

ಎರಡೂ ಕಡೆಯವರ ಬಳಿ ಅಧ್ಯಯನಗಳಿವೆ, ಅದಕ್ಕೇ ಜಗಳ ಮುಗಿಯುತ್ತಿಲ್ಲ. 2021ರ ಆಗಸ್ಟ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯದಿಂದ ಬಂದ ವರದಿಯ ಪ್ರಕಾರ, ಒಮ್ಮೆ ಸೋಂಕು ಬಂದವರಲ್ಲಿ ಲಸಿಕೆ ಹಾಕಿಸಿಕೊಳ್ಳದವರಿಗೆ ಮತ್ತೆ ಸೋಂಕು ತಗುಲುವ ಸಂಭವ, ಹಾಕಿಸಿಕೊಂಡವರಿಗಿಂತ 2.34 ಪಟ್ಟು. ಅದೇ ತಿಂಗಳು ಇಸ್ರೇಲ್‌ನಿಂದ ಇನ್ನೊಂದು ಬಂತು: ಡೆಲ್ಟಾ ಕಾಲದಲ್ಲಿ ಫೈಜರ್ ಎರಡು ಡೋಸ್ ಪಡೆದವರಿಗೆ, ಅದೇ ಸಮಯದಲ್ಲಿ ಸೋಂಕಾಗಿ ವಾಸಿಯಾದವರಿಗಿಂತ ಸೋಂಕು ತಗುಲುವ ಸಂಭವ 13 ಪಟ್ಟು. ಒಂದನ್ನು ಈ ಕಡೆಯವರು ಹಂಚಿದರು, ಇನ್ನೊಂದನ್ನು ಆ ಕಡೆಯವರು.

ಇವು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಕೇಳಿದ ಪ್ರಶ್ನೆಗಳೇ ಬೇರೆ. ಕೆಂಟಕಿಯವರು ಕೇಳಿದ್ದು ‘ಸೋಂಕಿನ ಮೇಲೆ ಲಸಿಕೆಯೂ ಸೇರಿದರೆ ಲಾಭವಿದೆಯೇ?’ ಇದೆ. ಇಸ್ರೇಲಿನವರು ಕೇಳಿದ್ದು ‘ಸೋಂಕು ಮಾತ್ರ, ಲಸಿಕೆ ಮಾತ್ರ, ಇವೆರಡರಲ್ಲಿ ಯಾವುದು ಮೇಲು?’ ಡೆಲ್ಟಾ ಸೋಂಕು ತಡೆಯುವ ಮಟ್ಟಿಗೆ ಸೋಂಕೇ ಮೇಲು. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಅಂಕಿಗಳಲ್ಲಿ ಈ ತಿರುವು ಒಂದೇ ಕಡೆ ಕಾಣುತ್ತದೆ: ಡೆಲ್ಟಾ ಬರುವ ಮೊದಲು ಲಸಿಕೆಯವರದು ಮೇಲುಗೈ, ಡೆಲ್ಟಾ ಹರಡಿದ ಮೇಲೆ ಸೋಂಕಾದವರದು.

ಅಂದಿನವರೆಗೆ ಬಂದಿದ್ದ 19 ದೇಶಗಳ 65 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2023ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಹಿಂದಿನ ಸೋಂಕು, ಹತ್ತು ತಿಂಗಳಾದ ಮೇಲೂ, ಒಮಿಕ್ರಾನ್ ಬಿಎ.1 ಉಪತಳಿಯಿಂದ ತೀವ್ರ ಕಾಯಿಲೆಯಾಗುವುದನ್ನು ನೂರಕ್ಕೆ ಸುಮಾರು 89ರಷ್ಟು ತಡೆದಿತ್ತು. ಆದರೆ ಅದೇ ಒಮಿಕ್ರಾನ್ ಮತ್ತೆ ಅಂಟುವುದನ್ನು ತಡೆದದ್ದು 36ರಷ್ಟು ಮಾತ್ರ. ಇಡೀ ಚರ್ಚೆಯಲ್ಲಿ ನೆನಪಿಡಬೇಕಾದ ಎರಡು ಅಂಕಿ ಇದ್ದರೆ ಇವೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರನ್ನು, ಯಾವ ಪಕ್ಷದವರೇ ಆಗಲಿ, ನಂಬಬೇಡಿ.

ಹಾಗಾದ್ರೆ ಬೇಕಂತ್ಲೇ ಅಂಟಿಸ್ಕೊಂಡು ಬಿಟ್ರೆ ಆಯ್ತಲ್ಲ?

ಮೇಲಿನ ಅಂಕಿಗಳೆಲ್ಲ ಬದುಕಿ ಉಳಿದವರದು. ಮೊದಲ ಸೋಂಕಿನಲ್ಲೇ ಹೋದವರು ‘ನನ್ನ ಸಹಜ ಶಕ್ತಿ ಗಟ್ಟಿ’ ಎಂದು ಹೇಳಲು ಬರುವುದಿಲ್ಲ. 2021ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ನಿಂತಿದ್ದ ಆಂಬುಲೆನ್ಸ್ ಸಾಲು ಆ ಶಕ್ತಿಯ ಬೆಲೆಪಟ್ಟಿ.

ಹಿಂದೆ ಮಕ್ಕಳಿಗೆ ಸೀತಾಳೆ ಸಿಡುಬು ಬೇಗ ಬಂದು ಹೋಗಲಿ ಎಂದು ‘ಅಮ್ಮ’ ಆದ ಮನೆಗೆ ಕಳಿಸುವವರಿದ್ದರು. ಆ ಸಿಡುಬಿನ ವೈರಸ್ಸು ವಾಸಿಯಾದ ಮೇಲೂ ನರಗಳ ಬುಡದಲ್ಲಿ ಮಲಗಿದ್ದು, ಅರವತ್ತರ ಆಚೆ ಸರ್ಪಸುತ್ತಾಗಿ ಏಳಬಹುದು. ಪುಕ್ಕಟೆ ಸಿಕ್ಕಿತು ಎಂದುಕೊಂಡದ್ದರ ಬಿಲ್ಲು ಐವತ್ತು ವರ್ಷ ತಡವಾಗಿ ಬಂತು, ಅಷ್ಟೇ. ಈಗಾಗಲೇ ಬಂದು ಹೋಗಿದ್ದರೆ ಆ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಿರಿ, ಬರಿಸಿಕೊಳ್ಳಲು ಹೋಗಬೇಡಿ.

ಯಾವ ಕಾಯಿಲೆ ಆದ್ರೂ ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಅಲ್ವಾ?

ಕಾಯಿಲೆಗೊಂದು ಕಟ್ಟಳೆ. ಧನುರ್ವಾಯು ಬಂದು ಬದುಕಿದವರಿಗೂ ಲಸಿಕೆ ಹಾಕಲೇಬೇಕು. ಅದರ ವಿಷ ಎಷ್ಟು ಉಗ್ರವೆಂದರೆ ಪ್ರಾಣ ತೆಗೆಯಲು ಸಾಕಾಗುವಷ್ಟು ಪ್ರಮಾಣ ಪ್ರತಿಕಾಯ ಹುಟ್ಟಿಸಲು ಸಾಲದು. ಇಲ್ಲಿ ಸಹಜ ಶಕ್ತಿ ಎಂಬುದೇ ಇಲ್ಲ. ಅದಕ್ಕೇ 10 ಮತ್ತು 16ನೇ ವಯಸ್ಸಿಗೆ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ) ಬೂಸ್ಟರ್ ಹಾಕುವುದು.

ಡೆಂಘಿ ಇನ್ನೂ ತಿರುಗುಮುರುಗು. ಅದರಲ್ಲಿ ನಾಲ್ಕು ಬಗೆ. ಒಂದು ಬಂದರೆ ಆ ಒಂದರ ಮಟ್ಟಿಗೆ ರಕ್ಷಣೆ. ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳೇ ವೈರಸ್ಸಿನ ಕೈಹಿಡಿದು ಕೋಶದೊಳಕ್ಕೆ ಬಿಟ್ಟುಕೊಳ್ಳಬಹುದು. ಎರಡನೇ ಸಲದ ಡೆಂಘಿಗೆ ವೈದ್ಯರು ಹೆಚ್ಚು ಹೆದರುವುದು ಇದಕ್ಕೇ. ಫಿಲಿಪ್ಪೀನ್ಸ್‌ನಲ್ಲಿ ಡೆಂಗ್‌ವ್ಯಾಕ್ಸಿಯಾ ಲಸಿಕೆ 2017ರಲ್ಲಿ ಎಡವಿದ್ದೂ ಈ ಕಲ್ಲಿಗೇ: ಮೊದಲು ಡೆಂಘಿ ಬಾರದ ಮಕ್ಕಳಲ್ಲಿ ಲಸಿಕೆಯೇ ಮೊದಲ ಸೋಂಕಿನ ಪಾತ್ರ ವಹಿಸಿತು. ಟೈಫಾಯ್ಡ್ ಎರಡು ಮೂರು ಸಲ ಬಂದವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ದಡಾರ ಮಾತ್ರ ಒಮ್ಮೆ ಬಂದರೆ ಮತ್ತೆ ಬರುವುದು ಅಪರೂಪ, ಆದರೆ ಅದು ಬೇರೆ ಕಾಯಿಲೆಗಳ ಬಗ್ಗೆ ಮೈ ಕಲಿತದ್ದನ್ನು ಅಳಿಸಿ ಹೋಗುತ್ತದೆ. 2019ರಲ್ಲಿ ನೆದರ್ಲೆಂಡ್ಸ್‌ನ 77 ಮಕ್ಕಳಲ್ಲಿ ಅಳೆದಾಗ, ದಡಾರದ ನಂತರ ಬೇರೆ ರೋಗಾಣುಗಳ ವಿರುದ್ಧದ ಪ್ರತಿಕಾಯಗಳಲ್ಲಿ 11ರಿಂದ 73 ಶೇಕಡಾ ಮಾಯವಾಗಿದ್ದವು.

ಆ್ಯಂಟಿಬಾಡಿ ಟೆಸ್ಟ್ ಮಾಡಿಸಿ, ಕಮ್ಮಿ ಇದ್ರೆ ಮಾತ್ರ ಹಾಕಿಸ್ಕೊಳ್ಳೋಣ ಅಂತಿದೀನಿ.

ದುಡ್ಡು ಉಳಿಸಿ. ಹೆಪಟೈಟಿಸ್ ಬಿ ವಿಷಯದಲ್ಲಿ ಒಂದು ಗೆರೆಯಿದೆ: 10 ಯೂನಿಟ್ ದಾಟಿದರೆ ರಕ್ಷಣೆಯಿದೆ ಎನ್ನುತ್ತಾರೆ. ಕೋವಿಡ್‌ಗೆ ಅಂಥ ಒಪ್ಪಿತ ಗೆರೆ ಇಲ್ಲ.

ಮಾಡಿಸಲೇಬೇಕೆಂದಿದ್ದರೆ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ಅಂಕಿಯಲ್ಲ, ‘ಎಸ್’ ಇದೆಯೋ ‘ಎನ್’ ಇದೆಯೋ ಎಂಬುದು. ಎಸ್ ಎಂದರೆ ವೈರಸ್ಸಿನ ಹೊರಮೈಯ ಮುಳ್ಳು, ಎನ್ ಎಂದರೆ ಒಳಗಿನ ತಿರುಳಿನ ಪ್ರೋಟೀನು. ಕೋವಿಶೀಲ್ಡ್, ಕಾರ್ಬೆವ್ಯಾಕ್ಸ್ ಹಾಕಿಸಿಕೊಂಡವರಲ್ಲಿ ಎಸ್ ಮಾತ್ರ ಹುಟ್ಟುತ್ತದೆ. ಅವರಲ್ಲಿ ಎನ್ ಕಂಡರೆ ಸೋಂಕು ಬಂದು ಹೋಗಿದೆ ಎಂದರ್ಥ. ಕೋವ್ಯಾಕ್ಸಿನ್ ಇಡೀ ವೈರಸ್ಸನ್ನೇ ನಿಷ್ಕ್ರಿಯಗೊಳಿಸಿ ಮಾಡಿದ್ದು, ಎರಡೂ ಹುಟ್ಟಬಹುದು. ಹಾಗಾಗಿ ಕೋವ್ಯಾಕ್ಸಿನ್‌ನವರು ಎನ್ ನೋಡಿ ‘ನನಗೆ ಗೊತ್ತಿಲ್ಲದೇ ಬಂದು ಹೋಗಿದೆ’ ಎಂದುಕೊಳ್ಳುವ ಹಾಗಿಲ್ಲ. ಎನ್ ಪ್ರತಿಕಾಯ ಬೇಗ ಕರಗುವುದರಿಂದ ‘ಇಲ್ಲ’ ಎಂದು ಬಂದರೂ ಸೋಂಕಾಗಿಲ್ಲ ಎಂದಲ್ಲ. ಸೋಂಕಿದ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳ ನೆನಪು ಈ ಟೆಸ್ಟಿನಲ್ಲಿ ಕಾಣುವುದೇ ಇಲ್ಲ. 2003ರಲ್ಲಿ ಕೋವಿಡ್ ವೈರಸ್ಸಿನ ಬಂಧುವಾದ ಸಾರ್ಸ್ ಬಂದು ಗುಣವಾದವರಲ್ಲಿ 17 ವರ್ಷದ ನಂತರವೂ ಆ ಕೋಶಗಳು ಸಿಕ್ಕವು, ಸಿಂಗಾಪುರದಲ್ಲಿ.

## ನನಗೆ ಬೇಕಾ?

ಅಪ್ಪಂಗೆ 72. ಶುಗರ್, ಬಿಪಿ ಎರಡೂ ಇದೆ. ಎರಡು ಡೋಸ್ ಆಗಿದೆ, ಒಮಿಕ್ರಾನ್ ಟೈಮಲ್ಲಿ ಜ್ವರಾನೂ ಬಂದಿತ್ತು.

ಬೂಸ್ಟರ್‌ನಿಂದ ನಿಜವಾದ ಲಾಭ ಸಿಗುವುದು ಇಂಥವರಿಗೆ. ವಯಸ್ಸಾದಂತೆ ರೋಗನಿರೋಧಕ ವ್ಯವಸ್ಥೆ ಕಲಿಯುವುದು ನಿಧಾನ, ಮರೆಯುವುದು ಬೇಗ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಚ್‌ನಲ್ಲಿ ಜನರನ್ನು ಮೂರು ಗುಂಪು ಮಾಡಿತು. ಮೊದಲ ಗುಂಪಿನಲ್ಲಿ ವಯಸ್ಸಾದವರು, ದೀರ್ಘಕಾಲದ ಕಾಯಿಲೆಯಿರುವವರು, ಅಂಗಕಸಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಆಸ್ಪತ್ರೆ ಸಿಬ್ಬಂದಿ. ಇವರಿಗೆ ಕೊನೆಯ ಡೋಸಾಗಿ 6 ಅಥವಾ 12 ತಿಂಗಳಿಗೆ ಮತ್ತೊಂದು. ಕರ್ನಾಟಕವೂ 2023ರ ಡಿಸೆಂಬರ್‌ನಲ್ಲಿ, ಒಮಿಕ್ರಾನ್ ಉಪತಳಿ ಜೆಎನ್.1 ಕಾಣಿಸಿಕೊಂಡಾಗ, ಇಂಥವರಿಗಾಗಿಯೇ 30,000 ಡೋಸ್ ಕಾರ್ಬೆವ್ಯಾಕ್ಸ್ ತರಿಸಲು ತೀರ್ಮಾನಿಸಿತ್ತು.

ಅಪ್ಪನ ವೈದ್ಯರ ಹತ್ತಿರ ಹೋದಾಗ ಕೋವಿಡ್ ಒಂದನ್ನೇ ಕೇಳಬೇಡಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಜೊತೆಗೆ ನ್ಯುಮೋನಿಯಾದ ನ್ಯುಮೊಕಾಕಲ್ ಲಸಿಕೆ, ಎರಡರ ಬಗ್ಗೆಯೂ ಕೇಳಿ. ಮಳೆಗಾಲದ ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವ ಶಕ್ತಿ ಈ ಎರಡು ಕಾಯಿಲೆಗಳಿಗೂ ಇದೆ. ಕೋವಿಡ್ ಬೂಸ್ಟರ್‌ಗಾಗಿ ಊರೆಲ್ಲ ಹುಡುಕುವವರು ಫ್ಲೂ ಲಸಿಕೆಯನ್ನು ಮರೆಯುವುದು ನಮಗೆ ಅರ್ಥವಾಗದ ಸಂಗತಿ.

ನಂಗೆ 28. ಎರಡು ಡೋಸು, ಎರಡ್ಸಲ ಕೋವಿಡ್. ಇನ್ನೂ ಬೇಕಾ?

ಬೇರೆ ಕಾಯಿಲೆ ಇಲ್ಲದಿದ್ದರೆ ನಿಮಗೆ ಸಿಗುವ ಹೆಚ್ಚುವರಿ ಲಾಭ ತೀರಾ ಸಣ್ಣದು. ಇದನ್ನು ಹೇಳಲು ಲಸಿಕೆ ವಿರೋಧಿಯಾಗಬೇಕಿಲ್ಲ. ಡೆನ್ಮಾರ್ಕ್ 2022ರ ಚಳಿಗಾಲಕ್ಕೇ ಬೂಸ್ಟರ್ ಅಭಿಯಾನವನ್ನು 50 ದಾಟಿದವರಿಗೆ ಮತ್ತು ಅಪಾಯದ ಗುಂಪಿನವರಿಗೆ ಸೀಮಿತ ಮಾಡಿತು. ಬ್ರಿಟನ್ 2025ರ ಹೊತ್ತಿಗೆ 75ಕ್ಕೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ನಿಮ್ಮ ವಯಸ್ಸಿನ ಆರೋಗ್ಯವಂತರಿಗೆ ಒಂದು ಬೂಸ್ಟರ್ ಆಚೆಗೆ ವಾಡಿಕೆಯಾಗಿ ಬೇಡ ಎಂದಿತು. ಮನೆಯಲ್ಲಿ ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರಿದ್ದರೆ, ನೀವೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರೆ ಲೆಕ್ಕ ಬೇರೆ.

ಕೋವಿಡ್ ವಾಸಿಯಾಗಿ ಎಷ್ಟು ದಿನಕ್ಕೆ ಹಾಕಿಸ್ಬೋದು?

ಮೂರು ತಿಂಗಳು. 2021ರ ಮೇನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಟ್ಟ ಅಂತರವಿದು, ಬೂಸ್ಟರ್‌ಗೂ ಇದನ್ನೇ ಅನ್ವಯಿಸಿದರು. ಬೇಗ ಹಾಕಿಸಿಕೊಂಡರೆ ಅಪಾಯ ಅಂತಲ್ಲ. ಪ್ರತಿಕಾಯ ಆಗಲೇ ತುಂಬಿದ್ದಾಗ ಹಾಕುವ ಡೋಸು ತುಂಬಿದ ಬಿಂದಿಗೆಗೆ ಸುರಿದ ನೀರು.

ಕೋವಿಶೀಲ್ಡ್ ಹಾಕಿಸ್ಕೊಂಡಿದ್ದೆ. ಈಗ ಬೇರೆ ಕಂಪನಿದು ಹಾಕಿಸ್ಬೋದಾ?

ಹಾಕಿಸಬಹುದು. ಕಾರ್ಬೆವ್ಯಾಕ್ಸ್‌ಗೆ 2022ರ ಆಗಸ್ಟ್‌ನಲ್ಲಿ, ಮೂಗಿಗೆ ಹನಿ ಹಾಕುವ ಇನ್‌ಕೋವ್ಯಾಕ್‌ಗೆ ಅದೇ ನವೆಂಬರ್‌ನಲ್ಲಿ ಇಂಥ ಮಿಶ್ರ ಬೂಸ್ಟರ್ ಆಗಿ ಅನುಮತಿ ಸಿಕ್ಕಿತು. ಕೋವಿಶೀಲ್ಡ್‌ನಲ್ಲಿ ಮುಳ್ಳಿನ ಸುದ್ದಿ ಹೊತ್ತು ತರುವುದು ಚಿಂಪಾಂಜಿಯ ಅಡಿನೋವೈರಸ್. ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಮೈ ಆ ಹೊರುವವನ ವಿರುದ್ಧವೇ ಪ್ರತಿಕಾಯ ಕಟ್ಟುತ್ತದೆ. ಬೂಸ್ಟರ್‌ಗೆ ಬೇರೆ ಬಗೆಯ ಲಸಿಕೆ ಹಾಕಿದಾಗ ಪ್ರತಿಕಾಯ ಹೆಚ್ಚು ಏರಿದ್ದಕ್ಕೆ ಇದೂ ಒಂದು ಕಾರಣ.

ಎಲ್ಲಿ ಸಿಗುತ್ತೆ? ಹೋದಾಗ ಏನು ನೋಡ್ಬೇಕು?

2021ರ ಹಾಗೆ ವಾರ್ಡಿಗೊಂದು ಶಿಬಿರ ಈಗಿಲ್ಲ. ಆರೋಗ್ಯ ಸಹಾಯವಾಣಿ 104ಕ್ಕೆ ಅಥವಾ ನೇರ ಆಸ್ಪತ್ರೆಯ ಲಸಿಕೆ ವಿಭಾಗಕ್ಕೆ ಫೋನ್ ಮಾಡಿ, ಯಾವ ಲಸಿಕೆ, ಯಾವತ್ತು ಎಂದು ಕೇಳಿಕೊಂಡೇ ಹೊರಡಿ. ಹತ್ತು ಡೋಸಿನ ವಯಲ್ ಆದರೆ ‘ಇನ್ನೂ ನಾಲ್ಕು ಜನ ಬರ್ಲಿ’ ಎಂದು ಕೂರಿಸಬಹುದು. ಸಿಸ್ಟರ್ ಮೇಲೆ ರೇಗಬೇಡಿ. ಒಮ್ಮೆ ತೆರೆದ ವಯಲನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಕಸಕ್ಕೆ.

ನೋಡಬೇಕಾದ್ದು ಇಷ್ಟು. ವಯಲಿನ ಮೇಲೆ ಎಕ್ಸ್‌ಪೈರಿ ತಾರೀಕು, ಮತ್ತು ತೆರೆದ ಹೊತ್ತನ್ನು ಪೆನ್ನಿನಲ್ಲಿ ಬರೆದಿದ್ದಾರೆಯೇ ಎಂಬುದು. ಹೊಸ ಸಿರಿಂಜನ್ನು ನಿಮ್ಮೆದುರೇ ಒಡೆಯಬೇಕು, 0.5 ಮಿ.ಲೀ. ಎಳೆಯಬೇಕು, ತೋಳಿನ ಮೇಲ್ಭಾಗದ ಸ್ನಾಯುವಿಗೆ ನೆಟ್ಟಗೆ ಚುಚ್ಚಬೇಕು. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿಯಾದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನು ಮರೆಯುತ್ತಾರೆ. ಕೋವ್ಯಾಕ್ಸಿನ್, ಕಾರ್ಬೆವ್ಯಾಕ್ಸ್, ಟಿಡಿ ಇವುಗಳಲ್ಲಿರುವ ಅಲ್ಯುಮಿನಿಯಂ ಉಪ್ಪು ಹೆಪ್ಪುಗಟ್ಟಿ ಕರಗಿದರೆ ಗಂಟುಗಂಟಾಗಿ ತಳಕ್ಕಿಳಿಯುತ್ತದೆ, ಎಷ್ಟು ಅಲುಗಾಡಿಸಿದರೂ ಮೊದಲಿನಂತಾಗುವುದಿಲ್ಲ. ಇದು ಆಗುವುದು ಸಾಮಾನ್ಯವಾಗಿ ಶಿಬಿರಗಳಲ್ಲಿ, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕನ್ನು ಡಬ್ಬಿಗೆ ತುರುಕಿದಾಗ. ಪಳಗಿದ ಸಿಸ್ಟರ್ ಐಸ್‌ಪ್ಯಾಕನ್ನು ಮೇಜಿನ ಮೇಲೆ ಬೆವರಲು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ನೀರು ಕುಲುಕಿದ ಸದ್ದು ಬಂದ ಮೇಲೇ ಡಬ್ಬಿಗೆ ಹಾಕುತ್ತಾರೆ.

ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಗಂಭೀರ ಅಲರ್ಜಿ ಬಂದರೆ ಹೆಚ್ಚಾಗಿ ಆ ಅವಧಿಯಲ್ಲೇ ಬರುತ್ತದೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಿ, ಆಮೇಲೆ ಉಜ್ಜದೆ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ.

## ಭಯ ಮತ್ತು ವಿವಾದ

ಚಿಕ್ಕ ಹುಡುಗ್ರು ಹಾರ್ಟ್ ಅಟ್ಯಾಕಾಗಿ ಹೋಗ್ತಿದಾರಲ್ಲ, ಇದು ಲಸಿಕೆ ಕೈವಾಡ ಅಲ್ದೆ ಇನ್ನೇನು?

2025ರ ಜೂನ್ ಕೊನೆಗೆ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆದದ್ದು ನೆನಪಿರಬಹುದು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಲಸಿಕೆಗೆ ತರಾತುರಿಯಲ್ಲಿ ಕೊಟ್ಟ ಅನುಮತಿಯ ಬಗ್ಗೆ ಅನುಮಾನ ಹೇಳಿಕೊಂಡಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ರಾಜ್ಯ ತಜ್ಞರ ಸಮಿತಿ ಆ ಜುಲೈನಲ್ಲಿ ವರದಿ ಕೊಟ್ಟಿತು: ಲಸಿಕೆಗೂ ಹೃದಯಾಘಾತಕ್ಕೂ ಸಂಬಂಧ ಕಾಣಲಿಲ್ಲ.

ಅದಕ್ಕಿಂತ ಮುಂಚೆ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ ಇದನ್ನೇ ಕೇಳಿತ್ತು. ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 18ರಿಂದ 45 ವರ್ಷದ 729 ಮಂದಿಯನ್ನು ಅದೇ ವಯಸ್ಸಿನ, ಅದೇ ಊರುಕೇರಿಯ 2,916 ಜನರ ಜೊತೆ ಹೋಲಿಸಿದರು. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಸಂಭವ ಕಡಿಮೆ ಇತ್ತು. ಹೆಚ್ಚಿಸಿದ್ದು ಇವು: ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ 48 ಗಂಟೆ ಮುಂಚೆ ಮಿತಿಮೀರಿ ಕುಡಿದದ್ದು, ಮಾದಕ ವಸ್ತು, ಮೈ ಮುರಿಯುವ ವ್ಯಾಯಾಮ. ‘ಅವನೂ ಲಸಿಕೆ ಹಾಕಿಸ್ಕೊಂಡಿದ್ದ’ ಎಂಬುದು ಸಾಕ್ಷಿಯಾಗುವುದಿಲ್ಲ, ಯಾಕೆಂದರೆ ಬದುಕಿರುವ ನಾವೂ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡವರೇ.

ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತೆ ಅಂತ ಕಂಪನೀನೇ ಒಪ್ಕೊಂಡಿದೆಯಲ್ಲ?

ಒಪ್ಪಿಕೊಂಡಿದೆ, ಮತ್ತು ಅದು ಹೊಸ ಸುದ್ದಿಯಲ್ಲ. ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ಈ ತೊಂದರೆ 2021ರ ಮಾರ್ಚ್-ಏಪ್ರಿಲ್‌ನಲ್ಲೇ ಯುರೋಪಿನಲ್ಲಿ ಪತ್ತೆಯಾಗಿತ್ತು. 2024ರಲ್ಲಿ ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆ ಹೊರಬಿದ್ದಾಗ ಇಲ್ಲಿ ಮೊದಲ ಸಲ ಕೇಳಿದವರೇ ಹೆಚ್ಚು. ಭಾರತದ ಸಮಿತಿ 2021ರ ಮೇನಲ್ಲಿ ಕೊಟ್ಟ ಲೆಕ್ಕ ಹತ್ತು ಲಕ್ಷ ಡೋಸಿಗೆ 0.61 ಪ್ರಕರಣ, ಯುರೋಪಿನಲ್ಲಿ ಇದಕ್ಕಿಂತ ಹೆಚ್ಚು. ಇದು ಬರುವುದು ಡೋಸಾದ ಸುಮಾರು ಆರು ವಾರದೊಳಗೆ, ಹೆಚ್ಚಾಗಿ ಮೊದಲ ಡೋಸಿಗೆ. ವರ್ಷಗಳ ಹಿಂದೆ ಹಾಕಿಸಿಕೊಂಡವರು ಈಗ ರಕ್ತ ಹೆಪ್ಪುಗಟ್ಟಿದ ಸುಳಿವು ನೋಡುವ ಡಿ-ಡೈಮರ್ ಟೆಸ್ಟ್ ಮಾಡಿಸುತ್ತಾ ಕೂರುವ ಅಗತ್ಯವಿಲ್ಲ.

ಎರಡು ಡೋಸ್ ಇಲ್ಲ ಅಂತ ಮಾಲ್‌ಗೆ ಬಿಡ್ಲಿಲ್ಲ. ಕೋವಿಡ್ ಬಂದು ಹೋದೋರನ್ನ ಯಾಕೆ ಲೆಕ್ಕಕ್ಕೇ ಹಿಡೀಲಿಲ್ಲ?

ನ್ಯಾಯವಾದ ದೂರು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ದೃಢಪಟ್ಟದ್ದು 2021ರ ಡಿಸೆಂಬರ್ 2ರಂದು. ಮರುದಿನವೇ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಗಳಿಗೆ ಎರಡು ಡೋಸ್ ಕಡ್ಡಾಯ ಎಂದಿತು. ಯುರೋಪಿನ ಒಕ್ಕೂಟದ ಪ್ರಮಾಣಪತ್ರದಲ್ಲಿ ಸೋಂಕಿನಿಂದ ಚೇತರಿಸಿಕೊಂಡವರಿಗೂ 180 ದಿನದ ಮಾನ್ಯತೆ ಇತ್ತು, ಇಲ್ಲಿ ಇರಲಿಲ್ಲ. ಆಡಳಿತಕ್ಕೆ ಕೋವಿನ್ ಪ್ರಮಾಣಪತ್ರ ಪರೀಕ್ಷಿಸುವುದು ಸುಲಭ, ಹಳೆಯ ಸೋಂಕಿನ ದಾಖಲೆ ಹುಡುಕುವುದು ಕಷ್ಟ, ನಕಲಿ ರಿಪೋರ್ಟಿನ ಭಯ ಬೇರೆ. ಕಾರಣಗಳು ಅರ್ಥವಾಗುತ್ತವೆ, ಆದರೆ ಅವು ಕಚೇರಿಯ ಅನುಕೂಲದ ಕಾರಣಗಳು, ವಿಜ್ಞಾನದ್ದಲ್ಲ. ವಿಜ್ಞಾನದ ಹೆಸರಲ್ಲಿ ಹೇಳಿದ್ದಕ್ಕೇ ಜನ ಸಿಟ್ಟಾದದ್ದು.

ಲಸಿಕೆ ಕಡ್ಡಾಯವನ್ನು ಪ್ರಶ್ನಿಸಿ ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೊಟ್ಟ ತೀರ್ಪು ಇದನ್ನು ಮುಟ್ಟಿದೆ. ಸಂವಿಧಾನದ 21ನೇ ವಿಧಿಯಡಿ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಹಾಕಿಸಿಕೊಳ್ಳದವರಿಂದಲೇ ಹೆಚ್ಚು ಹರಡುತ್ತದೆ ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡದ ಕಾರಣ, ಅವರ ಓಡಾಟದ ಮೇಲಿನ ನಿರ್ಬಂಧಗಳು ಅಂದಿನ ಪರಿಸ್ಥಿತಿಗೆ ತಕ್ಕವಲ್ಲ ಎಂದಿತು. ಲಸಿಕಾ ನೀತಿಯೇ ತಪ್ಪು ಎಂದು ಅದು ಹೇಳಲಿಲ್ಲ. ತೀರ್ಪಿನ ಒಂದೇ ಸಾಲನ್ನು ಕತ್ತರಿಸಿ ಹಂಚುವವರು ಇದನ್ನು ಬಿಟ್ಟಿರುತ್ತಾರೆ.

## ಆಳದ ಪ್ರಶ್ನೆಗಳು

ಹೈಬ್ರಿಡ್ ಇಮ್ಯುನಿಟಿ ಅಂದ್ರೇನು?

ಸೋಂಕು ಮತ್ತು ಲಸಿಕೆ, ಎರಡರಿಂದಲೂ ಪಾಠ ಕಲಿತ ಮೈ. ಯಾವುದು ಮೊದಲು ಎಂಬುದು ಮುಖ್ಯವಲ್ಲ. ತೋಳಿಗೆ ಹಾಕಿದ ಲಸಿಕೆ ರಕ್ತದ ಪ್ರತಿಕಾಯವನ್ನು ಚೆನ್ನಾಗಿ ಏರಿಸುತ್ತದೆ, ಆದರೆ ಮೂಗಿನ ಒಳಪದರದ ಐಜಿಎ ಪ್ರತಿಕಾಯವನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಸೋಂಕು ಮೂಗಿನಿಂದಲೇ ಬರುವುದರಿಂದ ಆ ಬಾಗಿಲಲ್ಲೂ ಕಾವಲಿಡುತ್ತದೆ. ಬೆಂಗಳೂರಿನ ಬಹುಪಾಲು ವಯಸ್ಕರು ಇಂದು ಈ ಗುಂಪಿನವರೇ. ‘ಲಸಿಕೆಯೋ ಸಹಜ ಶಕ್ತಿಯೋ’ ಎಂಬ ವಾಗ್ವಾದ ನಡೆಸುವ ಇಬ್ಬರ ಮೈಯಲ್ಲೂ ಎರಡೂ ಇದೆ.

ಊರಿಗೆ ಊರೇ ಬಂದು ಹೋದ್ಮೇಲೆ ಹರ್ಡ್ ಇಮ್ಯುನಿಟಿ ಬರ್ಬೇಕಿತ್ತಲ್ಲ?

ಲೆಕ್ಕ ಸುಲಭ: ಒಬ್ಬನಿಂದ ಸರಾಸರಿ ಮೂವರಿಗೆ ಹರಡುವ ಕಾಯಿಲೆಯಾದರೆ ಮೂರರಲ್ಲಿ ಎರಡು ಪಾಲು ಜನರಿಗೆ ರಕ್ಷಣೆ ಬಂದಾಗ ಹರಡುವುದು ನಿಲ್ಲಬೇಕು. 2021ರ ಜೂನ್-ಜುಲೈನಲ್ಲಿ ಐಸಿಎಂಆರ್ ನಡೆಸಿದ ನಾಲ್ಕನೇ ಸಮೀಕ್ಷೆಯಲ್ಲಿ ದೇಶದ 67.6 ಶೇಕಡಾ ಜನರಲ್ಲಿ ಪ್ರತಿಕಾಯ ಸಿಕ್ಕಿತು. ಆದರೂ ಆರು ತಿಂಗಳಿಗೆ ಒಮಿಕ್ರಾನ್ ಅಲೆ ಎದ್ದಿತು. ಆ ಸೂತ್ರ ನಡೆಯುವುದು ರಕ್ಷಣೆ ಸವೆಯದಿದ್ದರೆ, ವೈರಸ್ಸು ಬದಲಾಗದಿದ್ದರೆ. ಎರಡೂ ಷರತ್ತು ಮುರಿದವು. ಅಲೆಯ ಎತ್ತರಕ್ಕೆ ಹೋಲಿಸಿದರೆ ಆಕ್ಸಿಜನ್ ಹಾಸಿಗೆಗೆ ಬಂದವರು ಕಡಿಮೆ, ಅಷ್ಟರ ಮಟ್ಟಿಗೆ ಹಳೆಯ ಶಕ್ತಿ ಕೆಲಸಕ್ಕೆ ಬಂತು.

ಪದೇ ಪದೇ ಬೂಸ್ಟರ್ ಹಾಕಿದ್ರೆ ಇಮ್ಯುನಿಟಿ ಸುಸ್ತಾಗುತ್ತಂತೆ?

ಸುಸ್ತು ಎನ್ನುವುದಕ್ಕಿಂತ ಹಟ ಎನ್ನಬಹುದು. ಮೈ ಮೊದಲು ಕಂಡ ತಳಿಯ ಗುರುತಿಗೇ ಅಂಟಿಕೊಂಡು, ಹೊಸ ತಳಿ ಬಂದಾಗಲೂ ಹಳೆಯ ಪ್ರತಿಕಾಯವನ್ನೇ ಮೊದಲು ತೆಗೆಯುತ್ತದೆ. ಫ್ಲೂನಲ್ಲಿ ದಶಕಗಳಿಂದ ಗೊತ್ತಿರುವ ಸಂಗತಿ. ವುಹಾನ್ ತಳಿಯ ಲಸಿಕೆಯನ್ನೇ ಮತ್ತೆ ಮತ್ತೆ ಹಾಕುವುದರ ಲಾಭ ಕುಗ್ಗುತ್ತಾ ಹೋಗಲು, ಲಸಿಕೆಯ ತಳಿಯನ್ನು ಬದಲಿಸಬೇಕಾಗಿ ಬರಲು ಇದೂ ಕಾರಣ. ಎಂಆರ್‌ಎನ್‌ಎ ಲಸಿಕೆ (ಫೈಜರ್ ಬಗೆಯದು) ಮೂರು ಸಲ ಪಡೆದವರಲ್ಲಿ ಐಜಿಜಿ4 ಎಂಬ ಸೌಮ್ಯ ಬಗೆಯ ಪ್ರತಿಕಾಯ ಹೆಚ್ಚಾದದ್ದೂ ವರದಿಯಾಗಿದೆ. ಭಾರತದಲ್ಲಿ ಬಹುತೇಕರು ಪಡೆದದ್ದು ಆ ಬಗೆಯ ಲಸಿಕೆಯಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. ಮಂಗನ ಕಾಯಿಲೆ ಲಸಿಕೇನೂ ಹೀಗೇ ವರ್ಷ ವರ್ಷ ಹಾಕ್ತಿದ್ರು, ಆಮೇಲೆ ನಿಲ್ಸಿಬಿಟ್ರು. ಯಾಕೆ?

ಬೂಸ್ಟರ್ ಚರ್ಚೆ ಕರ್ನಾಟಕಕ್ಕೆ ಹೊಸದಲ್ಲ ಎಂಬುದಕ್ಕೆ ಒಳ್ಳೆಯ ಉದಾಹರಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಬಹಳ ನೋಯುತ್ತದೆ ಎಂದು ಜನ ಎರಡನೆಯದಕ್ಕೇ ತಪ್ಪಿಸಿಕೊಳ್ಳುತ್ತಿದ್ದರು. ಅರ್ಧಕ್ಕೆ ಬಿಟ್ಟವರಿಗೂ ಕಾಯಿಲೆ ಬಂದಾಗ ‘ಲಸಿಕೆ ಹಾಕಿಸ್ಕೊಂಡ್ರೂ ಬಂತು’ ಎಂಬ ಮಾತು ಹಬ್ಬುತ್ತಿತ್ತು. ಕೊನೆಗೆ ಲಸಿಕೆಯ ಸತ್ವವೇ ಸಾಲದೆ 2022ರಲ್ಲಿ ಕೊಡುವುದು ನಿಂತಿತು. ಹೊಸದನ್ನು ತಯಾರಿಸುವ ಕೆಲಸವನ್ನು ಐಸಿಎಂಆರ್ ಕೈಗೆತ್ತಿಕೊಂಡಿದೆ.

ಎರಡು ವರ್ಷದ ಹಿಂದೆ ಬೀದಿನಾಯಿ ಕಚ್ಚಿದಾಗ ಪೂರ್ತಿ ಕೋರ್ಸ್ ಮಾಡಿಸಿದ್ದೆ. ಈಗ ಮತ್ತೆ ಕಚ್ಚಿದೆ. ಹಳೇ ಶಕ್ತಿ ಸಾಕಾ?

ಸಾಲದು, ಆದರೆ ಹಳೆಯದು ವ್ಯರ್ಥವೂ ಅಲ್ಲ. ಮೊದಲು ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ 15 ನಿಮಿಷ ಸಾಮಾನ್ಯವಾಗಿ ಮೂರಾಗಿರುತ್ತದೆ. ಅರಿಸಿನ, ಸುಣ್ಣ, ಖಾರದ ಪುಡಿ ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ಹೊಸಬರಿಗೆ ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7, 28ನೇ ದಿನ ಹೀಗೆ ನಾಲ್ಕು ಭೇಟಿ, ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು). ಹಿಂದೆ ಪೂರ್ತಿ ಮುಗಿಸಿದವರಿಗೆ 0 ಮತ್ತು 3ನೇ ದಿನ ಎರಡೇ ಬೂಸ್ಟರ್, ಇಮ್ಯುನೊಗ್ಲೋಬ್ಯುಲಿನ್ ಬೇಕಿಲ್ಲ. ರೇಬಿಸ್‌ನಲ್ಲಿ ‘ಬಂದು ಹೋಗಲಿ’ ಎನ್ನಲು ಆಸ್ಪದವೇ ಇಲ್ಲ, ಬಂದದ್ದು ಹೋಗುವುದಿಲ್ಲ. ಹಳೆಯ ಲಸಿಕೆ ಚೀಟಿ ಮನೆಯಲ್ಲಿದ್ದರೆ ಹುಡುಕಿ ಜೊತೆಗೆ ಒಯ್ಯಿರಿ. ಚೀಟಿ ಇಲ್ಲದಿದ್ದರೆ ವೈದ್ಯರು ನಿಮ್ಮನ್ನು ಹೊಸಬರೆಂದೇ ಹಿಡಿದು ನಾಲ್ಕೂ ಭೇಟಿ ಬರೆಯುತ್ತಾರೆ.